ಗಾನಯೋಗಿ ಪಂಡಿತ ಪಂಚಾಕ್ಷರ ಗವಾಯಿಗಳವರು (1892–1944): ಜೀವನ ಮತ್ತು ಸೇವೆ

ಪೀಠಿಕೆ

ಕರ್ನಾಟಕದ ಸಂಗೀತ ಕ್ಷೇತ್ರಕ್ಕೆ ಉತ್ತರ ಕರ್ನಾಟಕವು ನೀಡಿರುವ ಮಹನೀಯರಲ್ಲಿ ಗಾನಯೋಗಿ ಪಂಡಿತ ಪಂಚಾಕ್ಷರ ಗವಾಯಿಗಳವರ ಹೆಸರು ಅಗ್ರಗಣ್ಯವಾದುದು. ಹುಟ್ಟಿನಿಂದಲೇ ದೃಷ್ಟಿಯಿಲ್ಲದಿದ್ದ ಶ್ರೀಯುತರು ಹಿಂದುಸ್ತಾನಿ ಮತ್ತು ಕರ್ನಾಟಕ ಎರಡೂ ಪದ್ಧತಿಗಳ ಸಂಗೀತದಲ್ಲಿ ಪಾಂಡಿತ್ಯ ಗಳಿಸಿ, ಉಭಯಗಾನ ವಿಶಾರದರೆಂದು ಖ್ಯಾತರಾದರು. ಆದರೆ ಅವರು ನಾಡಿಗೆ ಸಲ್ಲಿಸಿದ ಸೇವೆಯನ್ನು ಅವರ ಗಾಯನದಿಂದ ಮಾತ್ರ ಅಳೆಯಲಾಗದು. ಅಂಧ ಮತ್ತು ಅನಾಥ ಮಕ್ಕಳನ್ನು ತಮ್ಮೊಡನೆ ಇರಿಸಿಕೊಂಡು, ಅವರಿಗೆ ಊಟ, ವಸತಿ ಹಾಗೂ ವಿದ್ಯೆಯನ್ನು ಉಚಿತವಾಗಿ ನೀಡಿ, ಅವರು ತಮ್ಮ ದುಡಿಮೆಯಿಂದಲೇ ಬದುಕುವಂತೆ ಮಾಡಿದುದು ಅವರ ಜೀವಿತದ ಮುಖ್ಯ ಸಾಧನೆಯಾಗಿರುತ್ತದೆ.

ಇಂದು ಆಕಾಶವಾಣಿ, ಚಲನಚಿತ್ರ ಹಾಗೂ ಧ್ವನಿಮುದ್ರಣ ಸಂಸ್ಥೆಗಳಲ್ಲಿ ಸಂಗೀತ ನಿರ್ಮಾಪಕರೆಂಬ ಹುದ್ದೆ ಇದೆ. ಕಲಾವಿದರನ್ನು ಗುರುತಿಸುವುದು, ತಾಲೀಮು ಮಾಡಿಸುವುದು, ಖರ್ಚುವೆಚ್ಚ ಹೊಂದಿಸುವುದು, ಸಿದ್ಧವಾದ ಹಾಡನ್ನು ಕೇಳುಗರಿಗೆ ತಲುಪಿಸುವುದು ಇವರ ಕೆಲಸ. ನಮ್ಮ ಭಾಗದಲ್ಲಿ ಆಕಾಶವಾಣಿ ಕೇಂದ್ರವಿಲ್ಲದ ಕಾಲದಲ್ಲಿ, ಯಾವ ಹುದ್ದೆಯೂ ವೇತನವೂ ಇಲ್ಲದೆ, ಈ ಎಲ್ಲ ಕೆಲಸಗಳನ್ನು ಗವಾಯಿಗಳವರು ಮೂರು ದಶಕಗಳ ಕಾಲ ನಿರ್ವಹಿಸಿದರು. ಅವರ ಜೀವನ ವೃತ್ತಾಂತವನ್ನು ಸಾರ್ವಜನಿಕರ, ವಿಶೇಷವಾಗಿ ಅಂಗವಿಕಲ ಮಕ್ಕಳ ತಂದೆ ತಾಯಂದಿರ ಅವಗಾಹನೆಗಾಗಿ ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಶ್ರೀಯುತರು 1892ನೇ ಇಸವಿ ಫೆಬ್ರವರಿ 2ರಂದು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಈ ಗ್ರಾಮವು ಅಂದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದು, 1997ರಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾದ ನಂತರ ಹಾವೇರಿ ಜಿಲ್ಲೆಯಲ್ಲಿದೆ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಬಾಲ್ಯದ ಹೆಸರು ಗದಿಗೆಯ್ಯ. ಸೋದರ ಗುರುಬಸವಯ್ಯನಿಗೂ ದೃಷ್ಟಿಯಿರಲಿಲ್ಲ.

ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು. ಆ ಕಾಲದಲ್ಲಿ ಇಂತಹ ಕುಟುಂಬದ ಮುಂದೆ ಇದ್ದ ದಾರಿಗಳು ಬಹಳ ಕಡಿಮೆ. ಅಂಧ ಮಕ್ಕಳಿಗೆ ಶಾಲೆಯಾಗಲೀ, ಸರ್ಕಾರದ ಮಾಸಾಶನವಾಗಲೀ ಹಳ್ಳಿಗಾಡಿನಲ್ಲಿ ಇರಲಿಲ್ಲ. ಹೊಲದ ಕೆಲಸಕ್ಕೆ ಕಣ್ಣು ಬೇಕು, ಅಕ್ಷರ ಕಲಿಯಲೂ ಕಣ್ಣು ಬೇಕು ಎಂಬುದು ಜನರ ನಂಬಿಕೆಯಾಗಿತ್ತು. ಅಂಧರೆಂದರೆ ಮನೆಯ ಮೂಲೆಯಲ್ಲಿ ಕುಳಿತು ಇತರರ ಕರುಣೆಯಿಂದ ಉಣ್ಣುವವರು, ಇಲ್ಲವೆ ಜಾತ್ರೆ, ಸಂತೆಗಳಲ್ಲಿ ಕೈಯೊಡ್ಡುವವರು ಎಂಬ ಭಾವನೆ ಬೇರೂರಿತ್ತು.

ಈ ಮಕ್ಕಳಿಗೆ ಒಳ್ಳೆಯ ಕಂಠವಿತ್ತು. ಒಮ್ಮೆ ಕೇಳಿದ ಹಾಡನ್ನು ಮನಸ್ಸಿನಲ್ಲಿ ಉಳಿಸಿಕೊಳ್ಳುವ ಶಕ್ತಿಯಿತ್ತು. ಹಾನಗಲ್ಲಿನ ವಿರಕ್ತಮಠದ ಶ್ರೀ ಕುಮಾರ ಸ್ವಾಮಿಗಳು ಇದನ್ನು ಗಮನಿಸಿದರು. ಮುಂದೆ 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭಾ ನದಿಯ ದಂಡೆಯಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದವರೂ ಇವರೇ. ಮಕ್ಕಳ ಶಿಕ್ಷಣದ ಹೊಣೆಯನ್ನು ಸ್ವಾಮಿಗಳು ವಹಿಸಿಕೊಂಡರು. ಇವರಿಗೆ ಕಣ್ಣಿಲ್ಲ ಎಂಬುದಕ್ಕಿಂತ ಇವರಿಗೆ ಕಿವಿಯಿದೆ, ಕಂಠವಿದೆ ಎಂಬುದನ್ನು ಮೊದಲು ಕಂಡದ್ದು ಸ್ವಾಮಿಗಳ ಹಿರಿಮೆ.

ಸಂಗೀತ ಶಿಕ್ಷಣ

ಗದಿಗೆಯ್ಯನು ಸ್ವಾಮಿಗಳ ಆಶ್ರಯದಲ್ಲಿ ಆರಂಭಿಕ ಪಾಠ ಕಲಿತ ನಂತರ, ಹೆಚ್ಚಿನ ಶಿಕ್ಷಣಕ್ಕಾಗಿ ಮೈಸೂರಿಗೆ ತೆರಳಿ ಅಲ್ಲಿ ನಾಲ್ಕು ವರ್ಷಗಳ ಕಾಲ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದನು. ಅಲ್ಲಿಂದ ಹಿಂತಿರುಗಿದ ಮೇಲೆ ನೀಲಕಂಠ ಬುವಾ ಮಿರಜಕರ ಹಾಗೂ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿ ಹಿಂದುಸ್ತಾನಿ ಸಂಗೀತದ ಶಿಕ್ಷಣ ಪಡೆದನು. ಹೀಗೆ ಬಾಲಕ ಗದಿಗೆಯ್ಯನು ಪಂಚಾಕ್ಷರ ಗವಾಯಿಗಳೆಂದು ಪ್ರಸಿದ್ಧರಾದರು.

ಒಬ್ಬ ವ್ಯಕ್ತಿ ಎರಡು ಪದ್ಧತಿಗಳಲ್ಲಿಯೂ ಪರಿಣತಿ ಪಡೆಯುವುದು ಅಂದಿಗೂ ಅಪರೂಪ, ಇಂದಿಗೂ ಅಪರೂಪ. ರಾಗಗಳ ಹೆಸರು, ತಾಳದ ಲೆಕ್ಕ, ಸ್ವರವನ್ನು ಎಳೆಯುವ ಮತ್ತು ಕಂಪಿಸುವ ರೀತಿ, ಹಾಡುವ ಕೃತಿಗಳು ಎಲ್ಲವೂ ಬೇರೆ ಬೇರೆ. ಅಂದಿನ ಕನ್ನಡ ನಾಡಿನಲ್ಲಿ ಈ ಎರಡು ಪದ್ಧತಿಗಳ ನಡುವಿನ ಗಡಿಯು ಹೆಚ್ಚು ಕಡಿಮೆ ತುಂಗಭದ್ರಾ ನದಿಯ ಗುಂಟವೇ ಇದ್ದಿತೆನ್ನಬಹುದು. ನದಿಯ ಈಚೆ ದಂಡೆಯ ಹರಿಹರವು ಮೈಸೂರು ಸಂಸ್ಥಾನದ ಗಡಿಯ ಊರು. ಆಚೆ ದಂಡೆಯಿಂದ ಮುಂಬಯಿ ಪ್ರಾಂತ್ಯ. ದಕ್ಷಿಣದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ಕರ್ನಾಟಕ ಸಂಗೀತ, ಉತ್ತರದಲ್ಲಿ ಧಾರವಾಡ, ಮಿರಜ್ ಕಡೆಯಿಂದ ಹಿಂದುಸ್ತಾನಿ ಸಂಗೀತ. ಹರಿಹರದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ದೇವಾಲಯದಲ್ಲಿ ಹರಿ ಮತ್ತು ಹರ ಇಬ್ಬರೂ ಒಂದೇ ಮೂರ್ತಿಯಲ್ಲಿರುವುದು ಸರ್ವವಿದಿತ. ಹಾಗೆಯೇ ಎರಡು ಗಾನಪದ್ಧತಿಗಳು ಗವಾಯಿಗಳವರ ಒಂದೇ ಕಂಠದಲ್ಲಿ ನೆಲೆಸಿದ್ದವು. ಶಿವಶರಣರ ವಚನಗಳನ್ನು ರಾಗಗಳಲ್ಲಿ ಅಳವಡಿಸಿ ಹಾಡುವ ಪದ್ಧತಿಗೂ ಅವರು ಮತ್ತು ಅವರ ಶಿಷ್ಯರು ಬಲ ತುಂಬಿದರು.

ಸಂಚಾರಿ ಸಂಗೀತ ಪಾಠಶಾಲೆ

ಇಷ್ಟು ವಿದ್ಯೆ ಗಳಿಸಿದವರು ಅರಮನೆಯ ಆಶ್ರಯ ಪಡೆದು ನೆಮ್ಮದಿಯಿಂದ ಇರಬಹುದಾಗಿತ್ತು. ಗವಾಯಿಗಳವರು ಆ ದಾರಿಯನ್ನು ಹಿಡಿಯಲಿಲ್ಲ. ತಮಗೆ ದೊರೆತ ವಿದ್ಯೆಯು ತಮ್ಮಂತೆಯೇ ಕಣ್ಣಿಲ್ಲದ ಹಾಗೂ ದಿಕ್ಕಿಲ್ಲದ ಮಕ್ಕಳಿಗೆ ಸಲ್ಲಬೇಕೆಂಬ ಗುರುಗಳ ಅಪೇಕ್ಷೆಯನ್ನು ವ್ರತವಾಗಿ ಸ್ವೀಕರಿಸಿ, ವಿವಾಹವಾಗದೆ ಜೀವಮಾನವಿಡೀ ಅದಕ್ಕೆ ಬದ್ಧರಾಗಿದ್ದರು.

1914ರಲ್ಲಿ ಅವರ ಸಂಗೀತ ಪಾಠಶಾಲೆಯು ಆರಂಭವಾಯಿತು. ಇದಕ್ಕೆ ಸ್ಥಿರವಾದ ಕಟ್ಟಡವಿರಲಿಲ್ಲ. ಗುರುಗಳು ಇದ್ದಲ್ಲಿ ಶಾಲೆ, ಶಾಲೆ ಇದ್ದಲ್ಲಿ ಊಟ. ಗವಾಯಿಗಳವರು ಶಿಷ್ಯರೊಂದಿಗೆ ಊರಿಂದ ಊರಿಗೆ ಸಂಚರಿಸುತ್ತ, ಮಠ, ಗುಡಿ, ಛತ್ರಗಳಲ್ಲಿ ತಂಗುತ್ತ, ಹಗಲು ಪಾಠ ಹೇಳಿ ಸಂಜೆ ಸಂಗೀತ ಸೇವೆ ಸಲ್ಲಿಸುತ್ತಿದ್ದರು. ಊರಿನವರು ನೀಡಿದ ಜೋಳ, ಬೇಳೆ, ಕಾಣಿಕೆಗಳೇ ಶಾಲೆಯ ಆದಾಯ. ಮಕ್ಕಳಿಂದ ಶುಲ್ಕ ಪಡೆಯುತ್ತಿರಲಿಲ್ಲ. ಜಾತಿಯನ್ನು ನೋಡಿ ಯಾರನ್ನೂ ದೂರವಿಡುತ್ತಿರಲಿಲ್ಲ.

ಅಂಧ ಮಕ್ಕಳಿಗೆ ಸಂಗೀತ ಕಲಿಸುವ ಕ್ರಮವನ್ನು ಇಲ್ಲಿ ತಿಳಿಸುವುದು ಉಚಿತ. ಇಲ್ಲಿ ಪುಸ್ತಕಕ್ಕೆ ಕೆಲಸವಿಲ್ಲ. ಗುರುಗಳು ಹಾಡಿದ ಸ್ವರವನ್ನು ಶಿಷ್ಯನು ಕೇಳಿ, ಹಾಗೆಯೇ ಹಾಡಿ ಒಪ್ಪಿಸಬೇಕು. ತಪ್ಪಿದರೆ ಮತ್ತೆ ಕೇಳಬೇಕು, ಮತ್ತೆ ಹಾಡಬೇಕು. ವಾದ್ಯವಾದರೆ ಕೈಯನ್ನು ಎಲ್ಲಿ ಇರಿಸಬೇಕು, ಬೆರಳನ್ನು ಎಷ್ಟು ಎತ್ತಬೇಕು ಎಂಬುದನ್ನು ಮುಟ್ಟಿ ತಿಳಿಯಬೇಕು. ಕಲಿಸುವವರಿಗೂ ಕಣ್ಣಿಲ್ಲದಿದ್ದುದರಿಂದ, ಶಿಷ್ಯನ ಕಷ್ಟ ಎಲ್ಲಿದೆ ಎಂಬುದು ಅವರಿಗೆ ಹೇಳದೆಯೇ ತಿಳಿಯುತ್ತಿತ್ತು. ಗಾಯನ, ತಬಲಾ, ಹಾರ್ಮೋನಿಯಂ ಮುಂತಾದವುಗಳಲ್ಲಿ ಯಾರಿಗೆ ಯಾವುದು ಒಲಿಯುವುದೋ ಅದನ್ನು ಕಲಿತ ಶಿಷ್ಯರು ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ, ಪುರಾಣ ಪ್ರವಚನಗಳ ಗಾಯಕರಾಗಿ, ನಾಟಕ ಕಂಪನಿಗಳ ಸಂಗೀತಗಾರರಾಗಿ ಜೀವನ ಸಾಗಿಸಲು ಶಕ್ತರಾದರು. ಒಂದು ರಾಗ ಕಲಿತ ಮಗುವಿಗೆ ಒಂದು ಹೊತ್ತಿನ ಊಟವನ್ನು ತಾನೇ ಸಂಪಾದಿಸುವ ಹಕ್ಕು ದೊರೆಯಿತು ಎಂದರೆ ಉತ್ಪ್ರೇಕ್ಷೆಯಾಗಲಾರದು.

ನಾಟಕ ಸಂಘ

1930ರಲ್ಲಿ ಶ್ರೀ ಕುಮಾರ ಸ್ವಾಮಿಗಳು ಲಿಂಗೈಕ್ಯರಾದರು. ಆವರೆಗೆ ಬೆನ್ನ ಹಿಂದೆ ಇದ್ದ ದೊಡ್ಡ ಆಸರೆ ಇಲ್ಲವಾಯಿತು. ಆದರೆ ಮಕ್ಕಳ ಸಂಖ್ಯೆ ಕಡಿಮೆಯಾಗಲಿಲ್ಲ. ಪ್ರತಿದಿನ ಎರಡು ಹೊತ್ತು ಪಂಕ್ತಿ ನಡೆಯಬೇಕು. ಬಟ್ಟೆ, ಔಷಧ, ವಾದ್ಯಗಳ ದುರಸ್ತಿ, ಪ್ರಯಾಣದ ವೆಚ್ಚ ಎಲ್ಲವೂ ಆಗಬೇಕು. ನಿಶ್ಚಿತವಾದ ಆದಾಯವಿಲ್ಲದ, ನಿಶ್ಚಿತವಾದ ಖರ್ಚು ಮಾತ್ರ ಇರುವ ಇಂತಹ ಸಂಸ್ಥೆಯನ್ನು ನಡೆಸುವುದು ಎಷ್ಟು ಕಠಿಣವೆಂಬುದು ಲೆಕ್ಕಪತ್ರ ಬಲ್ಲವರಿಗೆಲ್ಲ ತಿಳಿದ ವಿಷಯ.

ಇದಕ್ಕೆ ಪರಿಹಾರವಾಗಿ ಗವಾಯಿಗಳವರು ನಾಟಕ ಸಂಘವನ್ನು ಕಟ್ಟಿದರು. ಅಂದಿನ ವೃತ್ತಿ ರಂಗಭೂಮಿಯಲ್ಲಿ ಸಂಗೀತವೇ ಪ್ರಧಾನ. ಪ್ರೇಕ್ಷಕರು ನಾಟಕ ನೋಡಲು ಬರುವಷ್ಟೇ ಉತ್ಸಾಹದಿಂದ ರಂಗಗೀತೆ ಕೇಳಲು ಬರುತ್ತಿದ್ದರು. ಕಣ್ಣಿದ್ದ ಶಿಷ್ಯರು ವೇಷ ಕಟ್ಟಿದರು, ಕಣ್ಣಿಲ್ಲದವರು ಹಾರ್ಮೋನಿಯಂ, ತಬಲಾ ಹಿಡಿದರು. ಟಿಕೆಟ್ಟಿನಿಂದ ಬಂದ ಹಣ ಮಕ್ಕಳ ಊಟಕ್ಕೆ, ಪಾಠಕ್ಕೆ ಸಂದಿತು. ಶಿಷ್ಯ ಪುಟ್ಟರಾಜರು ಸಂಘಕ್ಕಾಗಿ ನಾಟಕಗಳನ್ನು ರಚಿಸಿದರು. ಮಳೆಯಾದರೆ ನಾಟಕ ನಿಲ್ಲುತ್ತಿತ್ತು, ಬರಗಾಲ ಬಂದರೆ ಪ್ರೇಕ್ಷಕರು ಬರುತ್ತಿರಲಿಲ್ಲ. ಅಂದಿನ ಎಲ್ಲ ಕಂಪನಿಗಳ ಕಷ್ಟಗಳು ಈ ಸಂಘಕ್ಕೂ ಇದ್ದವು. ವ್ಯತ್ಯಾಸವೆಂದರೆ, ಬೇರೆ ಕಂಪನಿಯಲ್ಲಿ ನಷ್ಟವಾದರೆ ಮಾಲೀಕರು ಕಂಪನಿ ಮುಚ್ಚಬಹುದಿತ್ತು. ಇಲ್ಲಿ ಮುಚ್ಚಿದರೆ ಆಶ್ರಯಿಸಿದ ಮಕ್ಕಳು ಉಪವಾಸ ಬೀಳುತ್ತಿದ್ದರು. ಆದ್ದರಿಂದ ಮುಚ್ಚುವ ಮಾತೇ ಇರಲಿಲ್ಲ.

ಶಿಷ್ಯ ಪರಂಪರೆ

ಗವಾಯಿಗಳವರ ಶಿಷ್ಯರಲ್ಲಿ ಅಂಧರೂ ಇದ್ದರು, ಕಣ್ಣುಳ್ಳವರೂ ಇದ್ದರು. ಪಂಡಿತ ಬಸವರಾಜ ರಾಜಗುರು, ಪಂಡಿತ ಸಿದ್ಧರಾಮ ಜಂಬಲದಿನ್ನಿ, ಪಂಡಿತ ಅರ್ಜುನಸಾ ನಾಕೋಡ, ಪಂಡಿತ ಪಂಚಾಕ್ಷರಿಸ್ವಾಮಿ ಮತ್ತಿಗಟ್ಟಿ ಮುಂತಾದವರು ಅವರಲ್ಲಿ ಪ್ರಮುಖರು.

1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಸ್ಮಾರಕ ಉತ್ಸವವು ಹಂಪಿಯಲ್ಲಿ ಜರುಗಿತು. ಆ ಸಭೆಯಲ್ಲಿ ತರುಣ ಬಸವರಾಜ ರಾಜಗುರು ಅವರು ಪ್ರಥಮ ಬಾರಿಗೆ ಕಛೇರಿ ನಡೆಸಿದರು. ಅವರಿಗೆ ತಬಲಾ ಸಾಥ್ ನೀಡಿದವರು ಸ್ವತಃ ಗುರುಗಳಾದ ಗವಾಯಿಗಳವರು. ಕಛೇರಿಯಲ್ಲಿ ಗಾಯಕನು ಮಧ್ಯದಲ್ಲಿ, ಪಕ್ಕವಾದ್ಯದವರು ಬದಿಯಲ್ಲಿ ಕುಳಿತುಕೊಳ್ಳುವುದು ಪದ್ಧತಿ. ನಾಡೇ ನೆರೆದಿದ್ದ ಸಭೆಯಲ್ಲಿ, ತಾವೇ ಹಾಡಬಲ್ಲ ಗುರುಗಳು ಮಧ್ಯದ ಸ್ಥಾನವನ್ನು ಶಿಷ್ಯನಿಗೆ ಬಿಟ್ಟು ತಾವು ಬದಿಗೆ ಸರಿದರು. ಶಿಷ್ಯನ ಲಯ ತಪ್ಪದಂತೆ ಕಾಯುತ್ತ ಕುಳಿತರು. ಗವಾಯಿಗಳವರ ಇಡೀ ಜೀವನದ ರೀತಿಯೇ ಇದಾಗಿತ್ತು. ಮುಂದೆ ರಾಜಗುರು ಅವರು ದೇಶದ ಶ್ರೇಷ್ಠ ಗಾಯಕರಲ್ಲಿ ಒಬ್ಬರೆನಿಸಿ, 1975ರಲ್ಲಿ ಪದ್ಮಶ್ರೀ ಮತ್ತು 1991ರಲ್ಲಿ ಪದ್ಮಭೂಷಣ ಪುರಸ್ಕಾರಗಳಿಗೆ ಭಾಜನರಾದರು.

ಇನ್ನೊಬ್ಬ ಶಿಷ್ಯರಾದ ಪಂಡಿತ ಪುಟ್ಟರಾಜ ಗವಾಯಿಗಳವರು 1914ರಲ್ಲಿ ಜನಿಸಿ ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡವರು. ಬಾಲ್ಯದಲ್ಲಿಯೇ ಗುರುಗಳನ್ನು ಸೇರಿದ ಇವರು ಗಾಯನದ ಜೊತೆಗೆ ಅನೇಕ ವಾದ್ಯಗಳಲ್ಲಿಯೂ ಪರಿಣತರಾಗಿ, ಕನ್ನಡ, ಸಂಸ್ಕೃತ ಮತ್ತು ಹಿಂದಿ ಭಾಷೆಗಳಲ್ಲಿ ಗ್ರಂಥ ರಚಿಸಿದರು. ಗುರುಗಳ ನಂತರ ಆರು ದಶಕಗಳಿಗೂ ಹೆಚ್ಚು ಕಾಲ ಸಂಸ್ಥೆಯನ್ನು ಮುನ್ನಡೆಸಿದರು. 2010ರಲ್ಲಿ ಪದ್ಮಭೂಷಣ ಪುರಸ್ಕಾರಕ್ಕೆ ಪಾತ್ರರಾದ ಇವರು ಅದೇ ವರ್ಷ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದರು.

ವೀರೇಶ್ವರ ಪುಣ್ಯಾಶ್ರಮ

ಅನೇಕ ವರ್ಷಗಳ ಅಲೆದಾಟದ ನಂತರ ಪಾಠಶಾಲೆಗೆ ಗದಗಿನಲ್ಲಿ ಸ್ಥಿರವಾದ ನೆಲೆ ದೊರೆಯಿತು. ಗದಗಿನ ದಾನಿಗಳಾದ ಶ್ರೀ ಬಸರಿಗಿಡದ ವೀರಪ್ಪನವರು ನೀಡಿದ ಆಶ್ರಯವನ್ನು ಸ್ಮರಿಸಿ ಸಂಸ್ಥೆಗೆ ಶ್ರೀ ವೀರೇಶ್ವರ ಪುಣ್ಯಾಶ್ರಮವೆಂದು ಹೆಸರಾಯಿತು. ದಾನಿಯೊಬ್ಬರ ಹೆಸರನ್ನು ಸಂಸ್ಥೆಗೆ ಇರಿಸಿದ್ದರಲ್ಲಿಯೂ ಗವಾಯಿಗಳವರ ಸ್ವಭಾವವೇ ಕಾಣುತ್ತದೆ. ತಾವು ಕಟ್ಟಿದ ಸಂಸ್ಥೆಗೆ ತಮ್ಮ ಹೆಸರು ಇರಬೇಕೆಂದು ಅವರು ಬಯಸಲಿಲ್ಲ.

ಸ್ಥಿರ ನೆಲೆಯ ಫಲವನ್ನು ಬಹುಕಾಲ ನೋಡುವ ಭಾಗ್ಯ ಅವರಿಗೆ ಇರಲಿಲ್ಲ. 1944ರ ಜೂನ್ 11ರಂದು, ತಮ್ಮ 52ನೆಯ ವಯಸ್ಸಿನಲ್ಲಿ, ಗವಾಯಿಗಳವರು ಲಿಂಗೈಕ್ಯರಾದರು. ಅವರು ಪ್ರಾರಂಭಿಸಿದ ಅನ್ನದಾಸೋಹ ಮತ್ತು ಗಾನದಾಸೋಹ ಮಾತ್ರ ನಿಲ್ಲಲಿಲ್ಲ. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ನಂತರ ಅವರ ಶಿಷ್ಯರ ಕಂಠವು ರೇಡಿಯೋ ಮೂಲಕ ಹಳ್ಳಿ ಹಳ್ಳಿಗಳನ್ನು ತಲುಪಿತು. ಗುರುಗಳನ್ನು ಎಂದೂ ಕಾಣದ ಜನರು ಗುರುಗಳ ಪಾಠವನ್ನು ಮನೆಯಲ್ಲಿ ಕುಳಿತು ಕೇಳುವಂತಾಯಿತು.

ದಾವಣಗೆರೆ ಹಾಗೂ ಹರಿಹರ ಭಾಗದೊಂದಿಗೆ ಸಂಬಂಧ

ದಾವಣಗೆರೆಯು ಹತ್ತಿ ಗಿರಣಿಗಳಿಗೆ ಹೇಗೋ ಹಾಗೆಯೇ ವೃತ್ತಿ ರಂಗಭೂಮಿಗೂ ಹೆಸರಾದ ಊರು. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿಯು ನಾಡಿನಾದ್ಯಂತ ಪ್ರಸಿದ್ಧಿ ಪಡೆದಿದೆ. ಅದೇ ಚಿಂದೋಡಿ ಮನೆತನದ ಶ್ರೀ ಚಿಂದೋಡಿ ಬಂಗಾರೇಶ್ ಅವರು ಗವಾಯಿಗಳವರ ಜೀವನವನ್ನು ಆಧರಿಸಿ 1995ರಲ್ಲಿ ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ ಎಂಬ ಚಲನಚಿತ್ರವನ್ನು ನಿರ್ದೇಶಿಸಿದರು. ಈ ಚಿತ್ರಕ್ಕಾಗಿ ಶ್ರೀ ಹಂಸಲೇಖ ಅವರಿಗೆ ಶ್ರೇಷ್ಠ ಸಂಗೀತ ನಿರ್ದೇಶಕ ಹಾಗೂ ಶ್ರೀ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರ ಪ್ರಶಸ್ತಿಗಳು ಲಭಿಸಿದವು. ಗವಾಯಿಗಳವರು ಲಿಂಗೈಕ್ಯರಾದ ಐವತ್ತೊಂದು ವರ್ಷಗಳ ನಂತರ, ಒಂದು ನಾಟಕ ಕಂಪನಿಯ ಮನೆತನವು ಇನ್ನೊಂದು ನಾಟಕ ಸಂಘದ ಸ್ಥಾಪಕರಿಗೆ ಸಲ್ಲಿಸಿದ ಗೌರವವಿದು.

ಗದಗಿನ ಪುಣ್ಯಾಶ್ರಮದ ಪರಂಪರೆಯಲ್ಲಿ ದಾವಣಗೆರೆ ನಗರದಲ್ಲಿಯೂ ವೀರೇಶ್ವರ ಪುಣ್ಯಾಶ್ರಮವಿದ್ದು, ಗವಾಯಿಗಳವರ ಸ್ಮರಣೆಯನ್ನು ಈ ಭಾಗದಲ್ಲಿ ಉಳಿಸಿಕೊಂಡು ಬಂದಿದೆ.

ಕೇಳುಗರಿಗೆ ಈ ಜೀವನದ ಸಂದೇಶ

ಗವಾಯಿಗಳವರ ಜೀವನದಿಂದ ಹಾಡುವವರು ಕಲಿಯಬೇಕಾದುದು ಬಹಳವಿದೆ. ಹಾಡದೆ ಕೇವಲ ಕೇಳುವವರು ಕಲಿಯಬೇಕಾದುದೂ ಅಷ್ಟೇ ಇದೆ.

ಮೊದಲನೆಯದಾಗಿ, ಈ ಸಂಸ್ಥೆಯು ಕೇಳುಗರಿಂದ ಬೆಳೆದುದು. ಇದಕ್ಕೆ ಅರಮನೆಯ ಜಹಗೀರು ಇರಲಿಲ್ಲ. ಹಾಡು ಕೇಳಿದವರು ಜೋಳಿಗೆಗೆ ಹಾಕಿದ ಹಿಡಿ ಜೋಳ, ನಾಟಕ ನೋಡಿದವರು ಕೊಟ್ಟ ಟಿಕೆಟ್ಟಿನ ಹಣ ಇವೇ ಇದರ ಬಂಡವಾಳ. ಅಂದು ಹಾಡು ಕೇಳಿ ಕಾಣಿಕೆ ನೀಡಿದ ರೈತನಿಗೆ ತಾನೊಬ್ಬ ಮಹಾನ್ ಗಾಯಕನ ಶಿಕ್ಷಣಕ್ಕೆ ನೆರವಾಗುತ್ತಿದ್ದೇನೆ ಎಂಬುದು ತಿಳಿದಿರಲಿಲ್ಲ. ಆದರೂ ಅವನ ಪಾಲು ಅದರಲ್ಲಿ ಇದೆ.

ಎರಡನೆಯದಾಗಿ, ಕೇಳುವುದು ಸುಮ್ಮನೆ ಕುಳಿತು ಮಾಡುವ ಕೆಲಸವಲ್ಲ. ಒಂದು ಹಳ್ಳಿಯ ಅಂಧ ಬಾಲಕನ ಕಂಠವನ್ನು ಒಬ್ಬರು ಮನಸ್ಸಿಟ್ಟು ಕೇಳಿದ್ದರಿಂದ ಇಡೀ ಪರಂಪರೆ ಹುಟ್ಟಿತು. ಶ್ರೀ ಕುಮಾರ ಸ್ವಾಮಿಗಳು ಅಂದು ಕೇಳಿಯೂ ಕೇಳದಂತೆ ಹೋಗಿದ್ದರೆ ಪಂಚಾಕ್ಷರ ಗವಾಯಿಗಳು ಇರುತ್ತಿರಲಿಲ್ಲ. ಪಂಚಾಕ್ಷರ ಗವಾಯಿಗಳು ಬಾಲಕ ಪುಟ್ಟರಾಜರಿಗೆ ಕಿವಿಗೊಡದಿದ್ದರೆ ಮುಂದಿನ ಪರಂಪರೆ ಇರುತ್ತಿರಲಿಲ್ಲ. ನಮ್ಮ ನಮ್ಮ ಓಣಿಗಳಲ್ಲಿ, ಶಾಲೆಗಳಲ್ಲಿ ಇರುವ ಮಕ್ಕಳನ್ನು ಹೀಗೆ ಗಮನಿಸುವುದು ಎಲ್ಲರಿಗೂ ಸಾಧ್ಯವಾದ ಕಾರ್ಯ.

ಮೂರನೆಯದಾಗಿ, ಅವರು ಅಂಧ ಮಕ್ಕಳಿಗೆ ಕನಿಕರ ತೋರಿಸಿ ಸುಮ್ಮನಾಗಲಿಲ್ಲ, ಕಸುಬು ಕಲಿಸಿದರು. ಕನಿಕರದಿಂದ ಒಂದು ದಿನದ ಊಟ ದೊರೆಯಬಹುದು, ಕಸುಬಿನಿಂದ ಜೀವಮಾನದ ಊಟದೊಂದಿಗೆ ಮರ್ಯಾದೆಯೂ ದೊರೆಯುತ್ತದೆ. ಅಂಗವಿಕಲ ಮಗುವನ್ನು ಮನೆಯಲ್ಲಿಯೇ ಕೂರಿಸಿ ಪ್ರೀತಿಯಿಂದ ಸಾಕುವ ತಂದೆ ತಾಯಂದಿರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಪ್ರೀತಿ ಅವಶ್ಯ. ಆದರೆ ತಂದೆ ತಾಯಿಯ ಕಾಲಾನಂತರ ಮಗುವಿನ ಕೈ ಹಿಡಿಯುವುದು ಅದು ಕಲಿತ ವಿದ್ಯೆ.

ಅರ್ಜಿದಾರರ ಗಮನಕ್ಕೆ

ಗವಾಯಿಗಳವರ ಕಾಲದಲ್ಲಿ ಇಲ್ಲದಿದ್ದ ಅನೇಕ ಸೌಲಭ್ಯಗಳು ಇಂದು ಕಾನೂನಿನ ಮೂಲಕ ಲಭ್ಯವಿವೆ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಲಾಗಿದೆ. ಶೇಕಡ 40 ಅಥವಾ ಅದಕ್ಕೂ ಹೆಚ್ಚಿನ ಪ್ರಮಾಣದ ನಿರ್ದಿಷ್ಟ ಅಂಗವಿಕಲತೆಗಳನ್ನು ಹೊಂದಿದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡ 4, ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡ 5 ಮೀಸಲಾತಿಯನ್ನು ಈ ಅಧಿನಿಯಮವು ಕಲ್ಪಿಸಿದೆ. ಹುದ್ದೆಗಳ ಶೇಕಡ 4ರಲ್ಲಿ ಶೇಕಡ 1 ಅಂಧರು ಹಾಗೂ ಮಂದದೃಷ್ಟಿಯುಳ್ಳವರಿಗೆ ಮೀಸಲಾಗಿದೆ.

ಸೌಲಭ್ಯ ಪಡೆಯಲು ಅಂಗವಿಕಲತೆಯ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿ (ಯು.ಡಿ.ಐ.ಡಿ.) ಮುಖ್ಯ ದಾಖಲೆಗಳಾಗಿವೆ. ಇವುಗಳಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದಾಗಿದ್ದು, ನಿಗದಿತ ವೈದ್ಯಕೀಯ ಪ್ರಾಧಿಕಾರದ ತಪಾಸಣೆಯ ನಂತರ ನೀಡಲಾಗುತ್ತದೆ. ಗ್ರಾಮೀಣ ಭಾಗದವರು ತಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು, ಮಧ್ಯವರ್ತಿಗಳ ಮೊರೆ ಹೋಗದೆ, ನೇರವಾಗಿ ಸಂಪರ್ಕಿಸುವುದು.

ಮಗುವಿಗೆ ಪ್ರಮಾಣಪತ್ರ ಮಾಡಿಸುವುದು ಮೊದಲ ಹೆಜ್ಜೆ ಮಾತ್ರ. ಆ ಮಗುವಿಗೆ ಯಾವ ವಿದ್ಯೆ ಒಲಿಯುವುದೆಂದು ಗುರುತಿಸಿ, ಶಾಲೆಗೆ ಸೇರಿಸಿ ಕಲಿಸುವುದು ಮುಂದಿನ ಹೆಜ್ಜೆ. ಗವಾಯಿಗಳವರು ಜೀವಮಾನವಿಡೀ ಮಾಡಿ ತೋರಿಸಿದ ಕಾರ್ಯವೂ ಇದೇ ಆಗಿದೆ. ಸಾರ್ವಜನಿಕರು ಈ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.